ಊರಿನ ಸಾಮಾನು ಜರ್ಮನಿಗೆ ತರಿಸುವ ಮೊದಲು ಡಬ್ಬದ ಅಳತೆ ಕೇಳಿ

ಜರ್ಮನಿಗೆ ಬಂದ ಮೊದಲ ಚಳಿಗಾಲದಲ್ಲೇ ಶುರುವಾಗುತ್ತದೆ. ದಾವಣಗೆರೆ ಮಂಡಕ್ಕಿ ಬೇಕು, ಚಿಕ್ಕಮಗಳೂರಿನ ಕಾಫಿಪುಡಿ ಬೇಕು, ಮಗುವಿಗೆ ಚನ್ನಪಟ್ಟಣದ ಗೊಂಬೆ ಬೇಕು. ಖಂಡಿತ ತರಿಸಿ. ಮಾಡುವವರ ಹತ್ತಿರವೇ ಕೊಂಡರೆ ಅವರಿಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ, ನನಗಂತೂ ಅದು ದೊಡ್ಡ ವಿಷಯ. ಆದರೆ ಸಾಮಾನಿಗಿಂತ ಸಾಗಣೆಯೇ ದುಬಾರಿಯಾಗಿ, ಒಂದು ಸಲ ತರಿಸಿದ ಎಷ್ಟೋ ಜನ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಖಾಸಗಿ ಕೊರಿಯರ್‌ನವರು ತಕ್ಕಡಿಯ ತೂಕ ಮಾತ್ರ ನೋಡುವುದಿಲ್ಲ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ, ಬಂದ ಲೆಕ್ಕ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. 40, 30, 30ರ ಡಬ್ಬದ ತುಂಬ ಮಂಡಕ್ಕಿ ಹಾಕಿ ನೋಡಿ. ಒಂದೇ ಕೈಯಲ್ಲಿ ಎತ್ತಬಹುದು, ಬಿಲ್ಲು ಮಾತ್ರ 7.2 ಕೆಜಿಗೆ ಬರುತ್ತದೆ! ಬ್ಯಾಡಗಿ ಮೆಣಸಿನಕಾಯಿಯೂ ಇಡಿಯಾಗಿ ತರಿಸಿದರೆ ಹೀಗೇ. ಊರಲ್ಲೇ ಪುಡಿ ಮಾಡಿಸಿ ಒತ್ತಿ ತುಂಬಿಸಿದರೆ ಡಬ್ಬ ಎಷ್ಟೋ ಚಿಕ್ಕದಾಗುತ್ತದೆ. ಗೊಂಬೆಯ ಚಂದದ ರಟ್ಟಿನ ಪೆಟ್ಟಿಗೆ ಬೇಡ, ಬಟ್ಟೆಯಲ್ಲಿ ಸುತ್ತಿ ಕಳಿಸಿ ಅಂತ ಹೇಳಿ. ಉಪ್ಪಿನಕಾಯಿ ಗಾಜಿನ ಬಾಟಲಿಯಲ್ಲಿ ಬೇಡವೇ ಬೇಡ.

ಇನ್ನು ತೆರಿಗೆ. 2021ರ ಜುಲೈ 1ರಿಂದ ಹೊರದೇಶದ ಅಂಗಡಿಯಿಂದ ಬರುವ ಎಷ್ಟೇ ಸಣ್ಣ ಪಾರ್ಸೆಲ್‌ಗೂ ವ್ಯಾಟ್ ಇದೆ. ತಿನ್ನುವ ಸಾಮಾನಿಗೆ ಹೆಚ್ಚಾಗಿ 7%, ಗೊಂಬೆಗೆ 19%. ಅದನ್ನು ಸಾಗಣೆ ಖರ್ಚೂ ಸೇರಿಸಿ ಲೆಕ್ಕ ಹಾಕುತ್ತಾರೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹುರಿದ ಕಾಫಿಗೆ ಕೆಜಿಗೆ 2.19 ಯೂರೋ ಕಾಫಿ ತೆರಿಗೆ ಬೇರೆ. ನಿಮ್ಮ ಪರವಾಗಿ ತೆರಿಗೆ ಕಟ್ಟಿದ್ದಕ್ಕೆ ಪಾರ್ಸೆಲ್ ತರುವವರೂ ಒಂದು ಶುಲ್ಕ ಕೇಳುತ್ತಾರೆ.

'ಗಿಫ್ಟ್ ಅಂತ ಬರೆದು ಕಳಿಸ್ತೀವಿ' ಅಂತ ಅಂಗಡಿಯವರು ಹೇಳಿದರೆ ದಯವಿಟ್ಟು ಒಪ್ಪಬೇಡಿ. ಗಿಫ್ಟಿಗೆ 45 ಯೂರೋವರೆಗೆ ತೆರಿಗೆ ಇಲ್ಲ ಅನ್ನುವ ವಿನಾಯಿತಿ ಅಮ್ಮನೋ ಅಕ್ಕನೋ ದುಡ್ಡು ತಗೊಳ್ಳದೆ ನಿಮಗೆ ಕಳಿಸಿದ್ದಕ್ಕೆ ಮಾತ್ರ, ಅದರಲ್ಲೂ ಕಾಫಿ 500 ಗ್ರಾಂ ದಾಟುವಂತಿಲ್ಲ. ತುಪ್ಪ ಯಾರೇ ಕಳಿಸಿದರೂ ಬರಲ್ಲ. ಹಾಲಿನ ಪದಾರ್ಥಗಳನ್ನು ಭಾರತದಿಂದ ಹೀಗೆ ತರಿಸುವಂತಿಲ್ಲ.

ನನ್ನನ್ನು ಕೇಳಿದರೆ, ಮೂರು ನಾಲ್ಕು ಮನೆಯವರು ಸೇರಿ ಒಂದೇ ಪಾರ್ಸೆಲ್ ತರಿಸುವುದೇ ಒಳ್ಳೆಯದು. ಕೊರಿಯರ್‌ನಲ್ಲಿ ಮೊದಲ ಅರ್ಧ ಕೆಜಿಗೇ ಜಾಸ್ತಿ ದುಡ್ಡು, ಆಮೇಲಿನದು ಅಷ್ಟಾಗಿ ಏರುವುದಿಲ್ಲ. ಮಾಡುವವರಿಗೂ ಬಿಡಿಬಿಡಿ ಆರ್ಡರಿಗಿಂತ ಒಂದು ದೊಡ್ಡ ಆರ್ಡರ್ ಸುಲಭ, ಅಲ್ವಾ? ಆದರೆ ಸಾಮಾನಿನ ಬೆಲೆ 150 ಯೂರೋ ದಾಟಿದರೆ ಕಸ್ಟಮ್ಸ್ ಸುಂಕದ ಲೆಕ್ಕವೂ ಬೇರೆಯಾಗುತ್ತದೆ, ಅದನ್ನು ನೋಡಿಕೊಂಡೇ ಪಟ್ಟಿ ಮಾಡಿ. ಆತುರವಿಲ್ಲದಿದ್ದರೆ ಅಂಚೆ ದರವನ್ನೂ ವಿಚಾರಿಸಿ.

ಸೋನಾ ಮಸೂರಿ, ತೊಗರಿಬೇಳೆ, ಬೆಲ್ಲ ಇವನ್ನೆಲ್ಲ ಸುಮ್ನೆ ಅಲ್ಲಿಂದ ಹೊರಿಸಬೇಡಿ. ಇಲ್ಲಿನ ಭಾರತೀಯ ಅಂಗಡಿಗಳಲ್ಲಿ, ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತವೆ. ಕರಿಬೇವೂ ಅಲ್ಲೇ ಕೇಳಿ.

ದುಡ್ಡು ಕಟ್ಟುವ ಮೊದಲು ಡಬ್ಬದ ಅಳತೆ, ತೂಕ ಎರಡನ್ನೂ ಬರೆಸಿಕೊಳ್ಳಿ. ಬಿಲ್ಲು ಡಬ್ಬದ ಹೊರಗೆ ಅಂಟಿಸಲು ಹೇಳಿ. ಕಸ್ಟಮ್ಸ್‌ನಿಂದ ಪತ್ರ ಬಂದರೆ ಹೆದರಬೇಡಿ, ಬಿಲ್ಲು ಮತ್ತು ದುಡ್ಡು ಕಟ್ಟಿದ ದಾಖಲೆ ಹಿಡಿದುಕೊಂಡು ಪತ್ರದಲ್ಲಿರುವ ಗಡುವಿನೊಳಗೆ ಹೋಗಿ, ಇಲ್ಲದಿದ್ದರೆ ಪಾರ್ಸೆಲ್ ವಾಪಸ್ ಹೋಗುತ್ತದೆ.