ಹಳೆಯ ತಂಬೂರಿಗೆ ಸರಿಯಾದ ತಂತಿ ಆರಿಸುವ ಬಗೆ

ದಾಸರ ಪದಗಳ ನಾಡಾದ ರಾಯಚೂರು, ಮಾನ್ವಿ ಕಡೆಯ ಮನೆಗಳಲ್ಲಿ ಉಳಿದಿರುವ ಹಳೆಯ ತಂಬೂರಿಗೆ ಹೊಸ ತಂತಿ ಹಾಕಿಸುವ ಮೊದಲು ಹಳೆಯ ತಂತಿಗಳನ್ನು ದಯವಿಟ್ಟು ಎಸೆಯಬೇಡಿ; ಹೊಸ ತಂತಿಯ ದಪ್ಪ ಆರಿಸಲು ಅವುಗಳ ಅಳತೆಯೇ ಆಧಾರ. ಕುದುರೆಯ (ಬುರುಡೆಯ ಮೇಲೆ ತಂತಿಗಳನ್ನು ಹೊರುವ ಸೇತುವೆ) ಮೇಲೆ ಹಾಯುವ ತಂತಿಯ ಭಾಗ ಸವೆದು ತೆಳುವಾಗಿರುತ್ತದೆ. ಆದ್ದರಿಂದ ಬಿರಡೆಗೆ (ತಂತಿ ಬಿಗಿಯುವ ತಿರುಗುಗೂಟ) ಸುತ್ತಿದ್ದ ತುದಿಯನ್ನು ಬಿಚ್ಚಿ, ತುಕ್ಕನ್ನು ಮೆಲ್ಲಗೆ ಒರೆಸಿ, ಮೈಕ್ರೋಮೀಟರಿನಿಂದ (ಅತಿ ಸಣ್ಣ ದಪ್ಪ ಅಳೆಯುವ ಉಪಕರಣ) ಎರಡು ಮೂರು ಕಡೆ ಅಳೆಯಬೇಕು. ಸಾಮಾನ್ಯ ಅಳತೆಪಟ್ಟಿ ಇಲ್ಲಿ ಸಾಲದು.

ಹಳೆಯ ತಂತಿಯೇ ಇಲ್ಲದಿದ್ದರೆ ಕುದುರೆಯಿಂದ ಮೇಲಿನ ಮೆಟ್ಟಿನವರೆಗಿನ (ಕೊರಳಿನ ತುದಿಯಲ್ಲಿ ತಂತಿ ತಾಗುವ ಪಟ್ಟಿ) ಉದ್ದವನ್ನೂ ಹಾಡುವವರ ಶ್ರುತಿಯನ್ನೂ ಹಿಡಿದು ಲೆಕ್ಕ ಹಾಕಬಹುದು. ಉದಾಹರಣೆಗೆ, 95 ಸೆಂ.ಮೀ. ಉದ್ದದಲ್ಲಿ ಕರಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಷಡ್ಜಕ್ಕೆ, ಅಂದರೆ ಸುಮಾರು 138.6 ಹರ್ಟ್ಸ್‌ಗೆ, 0.30 ಮಿ.ಮೀ. ಉಕ್ಕಿನ ಜೋಡಿ ತಂತಿಯ (ಒಂದೇ ಷಡ್ಜಕ್ಕೆ ಸೇರಿಸುವ ನಡುವಿನ ಎರಡು ತಂತಿಗಳು) ಪ್ರತಿಯೊಂದರ ಮೇಲೆ ಬೀಳುವ ಬಿಗಿತ ಸುಮಾರು 3.9 ಕೆ.ಜಿ.; 0.32 ಮಿ.ಮೀ. ಹಾಕಿದರೆ ಅದು ಸುಮಾರು 4.5 ಕೆ.ಜಿ.ಗೆ ಏರುತ್ತದೆ. ಬಿಗಿತವು ದಪ್ಪದ ವರ್ಗಕ್ಕೆ (ದಪ್ಪ × ದಪ್ಪ) ತಕ್ಕಂತೆ ಹೆಚ್ಚುವುದರಿಂದ ಕೂದಲೆಳೆಯಷ್ಟು ವ್ಯತ್ಯಾಸವೂ ಇಲ್ಲಿ ದೊಡ್ಡದು.

ಹಳೆಯ ಬುರುಡೆ, ಬಿರುಕುಬಿಟ್ಟ ತಬಲಿಗಳಿಗೆ (ಬುರುಡೆಯ ಬಾಯಿ ಮುಚ್ಚುವ ಮರದ ಹಲಗೆ) ತೆಳುವಾದ ತಂತಿಯೇ ಕ್ಷೇಮವೆಂಬುದು ನನ್ನ ಅಭಿಪ್ರಾಯ. ಮಂದ್ರ (ಕೆಳ ಸ್ಥಾಯಿಯ) ಷಡ್ಜಕ್ಕೆ ದಪ್ಪನೆಯ ಹಿತ್ತಾಳೆ ಅಥವಾ ಕಂಚಿನ ತಂತಿಯನ್ನೇ ಬಳಸಿ, ಎಲ್ಲವನ್ನೂ ಒಂದೇ ದಿನ ಪೂರ್ಣ ಶ್ರುತಿಗೆ ಏರಿಸದೆ, ಕೆಲವು ದಿನ ಸ್ವಲ್ಪ ಸ್ವಲ್ಪವಾಗಿ ಬಿಗಿಗೊಳಿಸಿ. ಜವಾರಿಯನ್ನು (ಝೇಂಕಾರ ಬರುವಂತೆ ಕುದುರೆಯ ಮೇಲ್ಮೈಗೆ ಕೊಡುವ ಹದ) ತಂತಿಗಳು ನೆಲೆಗೊಂಡ ಮೇಲೆಯೇ ತಿದ್ದಿಸಿ.