ಹಳೇ ಕ್ಯಾಕ್ಟೈಗೆ ನಾನೇ ಹಚ್ಚಿದ ತೇಪೆ

ನೆಟ್‌ವರ್ಕಿನ ಮೇಲೆ ಕಣ್ಣಿಟ್ಟು ಗ್ರಾಫ್ ಬರೆಯುವ ಕ್ಯಾಕ್ಟೈ ಸಾಫ್ಟ್‌ವೇರ್ ಓಡುವ ನಮ್ಮ ಹಳೇ ಸರ್ವರಿಗೆ ಯಾರೋ ನುಗ್ಗಿದಾಗ "ಆ ಡಬ್ಬ ಎಸೆದು ಹೊಸ ಸರ್ವರ್ ತಗೊಳ್ಳಿ" ಅಂದವರೇ ಜಾಸ್ತಿ. ನಮ್ಮದು ಮಡಿಕೇರಿಯಲ್ಲಿ ಸಣ್ಣ ಕೇಬಲ್ ಇಂಟರ್ನೆಟ್, ಏಳುನೂರು ಚಿಲ್ಲರೆ ಕನೆಕ್ಷನ್. ಗೋಣಿಕೊಪ್ಪದಲ್ಲಿ ಒಂದು ಓಎಲ್‌ಟಿ (ಫೈಬರ್ ಕನೆಕ್ಷನ್‌ಗಳನ್ನು ಹಂಚುವ ಪೆಟ್ಟಿಗೆ), ಪಕ್ಕದಲ್ಲೇ ಕ್ಯಾಕ್ಟೈನ ಎರಡನೇ ಪೋಲರ್ (ಸಾಧನಗಳಿಂದ ಅಂಕಿ ಸಂಗ್ರಹಿಸುವ ಭಾಗ). ವರ್ಷನ್ 1.2.22ರಲ್ಲೇ ನಿಂತಿತ್ತು. ಕೋಡಿನಲ್ಲಿ ಅಲ್ಲಲ್ಲಿ ನಾನೇ ಕೈಯಾಡಿಸಿದ್ದೆ. ಒಮ್ಮೆ 1.2.23 ಹಾಕಿ ನೋಡಿದಾಗ ಅರ್ಧ ಗ್ರಾಫ್ ಮಾಯ, ಹಾಗಾಗಿ ವಾಪಸ್ ಬಂದಿದ್ದೆ.

ಸಿವಿಇ-2022-46169 ಅಂದರೆ ಆ 1.2.22ರಲ್ಲಿದ್ದ ತೂತು: ಹೊರಗಿನವರು ಸುಳ್ಳು ಹೆಡರ್ (ವೆಬ್ ಕೋರಿಕೆಯ ಜೊತೆ ಹೋಗುವ ಮಾಹಿತಿ) ಕಳಿಸಿ ತಾವೇ ಪೋಲರ್ ಅಂತ ನಂಬಿಸಿ, 'ರಿಮೋಟ್ ಏಜೆಂಟ್' ಫೈಲಿನ ಮೂಲಕ ಲಾಗಿನ್ ಇಲ್ಲದೆಯೇ ತಮ್ಮ ಕಮಾಂಡ್ ಓಡಿಸಬಹುದು; 1.2.23ರಲ್ಲಿ ಅದನ್ನು ಮುಚ್ಚಿದರು. ಸ್ಕ್ರಿಪ್ಟ್ ಸರ್ವರ್ ಐಟಂ (ಪಿಎಚ್‌ಪಿ ಸ್ಕ್ರಿಪ್ಟ್ ಓಡಿಸಿ ಅಂಕಿ ತರುವ ಬಾಬ್ತು) ಇದ್ದರೆ ಮಾತ್ರ ಅಪಾಯ ಅಲ್ವಾ, ನನ್ನ ಹತ್ತಿರ ಎಲ್ಲಿದೆ ಅಂತ ಸುಮ್ನೆ ಕೂತಿದ್ದೆ. 'ಡಿವೈಸ್ ಅಪ್‌ಟೈಮ್' ಟೆಂಪ್ಲೇಟೂ ಅದೇ ಜಾತಿ ಅನ್ನುವುದು ತಲೆಗೇ ಹೋಗಲಿಲ್ಲ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ರಾತ್ರಿ ಸರ್ವರಿನ ಲೋಡ್ (ಕೆಲಸದ ಹೊರೆ) 30 ದಾಟಿತು. ನೋಡಿದರೆ ಅಪಾಚೆ (ವೆಬ್ ಸರ್ವರ್) ಯೂಸರ್ ಹೆಸರಲ್ಲಿ ಟೆಂಪ್ ಫೋಲ್ಡರಿನಿಂದ ಏನೋ ಓಡುತ್ತಿದೆ. ಸರಿ ಮಾಡಿಕೊಡಿ ಅಂತ ಹೊರಗಿನವರನ್ನು ಕೇಳಿದೆ. ಎಂಬತ್ತೈದು ಸಾವಿರದ ಕೊಟೇಶನ್ ಬಂತು. ಮರ ಬಿದ್ದು ಫೈಬರ್ ತುಂಡಾಗಿ ಸ್ಪ್ಲೈಸಿಂಗಿಗೇ ದುಡ್ಡು ಸುರಿಯುವ ತಿಂಗಳದು!

ಎರಡೂವರೆ ಸಾವಿರದ ಎಸ್‌ಎಸ್‌ಡಿ ತಂದು ಮೊದಲಿಂದ ಓಎಸ್ ಹಾಕಿದೆ. ಪಾಸ್‌ವರ್ಡ್, ಎಸ್‌ಎನ್‌ಎಂಪಿ ಕಮ್ಯುನಿಟಿ (ಸಾಧನಗಳಿಂದ ಅಂಕಿ ಓದಲು ಬೇಕಾದ ಗುಟ್ಟಿನ ಪದ) ಎಲ್ಲ ಬದಲಾಯಿಸಿದೆ. ರಿಮೋಟ್ ಏಜೆಂಟ್ ಫೈಲನ್ನೇ ಎರಡೂ ಕಡೆ ಬಂದ್ ಮಾಡಿದೆ. ಗೋಣಿಕೊಪ್ಪದ ರಿಯಲ್‌ಟೈಮ್ ಗ್ರಾಫ್ ಸತ್ತೇ ಹೋಯಿತು. ಸರಿ, ಫೈಲ್ ತೆರೆದು ಗೋಣಿಕೊಪ್ಪದ ಐಪಿ ವಿಳಾಸದಿಂದ ಬಂದದ್ದನ್ನು ಮಾತ್ರ ಒಳಗೆ ಬಿಡೋಣ ಅಂದುಕೊಂಡೆ. ಮಳೆಗೆ ಮೇನ್ ಲಿಂಕ್ ಹೋದಾಗಲೆಲ್ಲ ಬ್ಯಾಕಪ್ಪಿನ ಐಪಿ ಬೇರೆ, ಮತ್ತೆ ಅದೇ ಗೋಳು.

ಕೊನೆಗೆ 1.2.23ರ ತಿದ್ದುಪಡಿಯನ್ನು ಸಾಲು ಸಾಲಾಗಿ ಹಳೇ ಕೋಡಿಗೆ ಹೊಲಿದೆ. ಮೊದಲ ಸಲ ಹೆಡರ್ ನಂಬುವ ಭಾಗ ಮಾತ್ರ ಸರಿ ಮಾಡಿ ಬೀಗಿದೆ. ಗೋಣಿಕೊಪ್ಪದ ಹುಡುಗ ಅಲ್ಲಿನ ಪೋಲರಿನಿಂದಲೇ ಪೋಲರ್ ಐಡಿ ಜಾಗದಲ್ಲಿ ಒಂದು ಸೆಮಿಕೋಲನ್, ಅದರ ಹಿಂದೆ ಒಂದು ಕಮಾಂಡ್ ಸಿಕ್ಕಿಸಿ ಫೋನ್ ಮಾಡಿದ. "ಅಣ್ಣಾ, ನಿಮ್ಮ ಟೆಂಪ್ ಫೋಲ್ಡರ್ ನೋಡಿ." ಅವನು ಇಟ್ಟ ಖಾಲಿ ಫೈಲ್ ಅಲ್ಲಿ ಕೂತಿತ್ತು. ಐಡಿ ಬರೀ ನಂಬರ್ ಆಗಿರಬೇಕು ಅನ್ನುವ ಸಾಲು, ಎಸ್ಕೇಪ್ ಮಾಡುವ (ಅಂಥ ಚಿಹ್ನೆ ಕಮಾಂಡ್ ಆಗದಂತೆ ಕಟ್ಟಿಹಾಕುವ) ಸಾಲು ಎರಡನ್ನೂ ಆಮೇಲೆ ಸೇರಿಸಿದೆ. ಹೊರಗಿನಿಂದ ಸುಳ್ಳು ಹೆಡರ್ ಹಾಕಿ ಕರ್ಲ್ (ವೆಬ್ ಕೋರಿಕೆ ಕಳಿಸುವ ಕಮಾಂಡ್) ಹೊಡೆದೆ. 'ಫೇಟಲ್: ಯು ಆರ್ ನಾಟ್ ಆಥರೈಸ್ಡ್ ಟು ಯೂಸ್ ದಿಸ್ ಸರ್ವಿಸ್.' ಆ ಬೈಗುಳ ಓದಿ ಅಷ್ಟು ಖುಷಿಯಾಗಿದ್ದು ಜೀವನದಲ್ಲೇ ಮೊದಲು.

ನಡುವೆ ಒಂದು ಹುಚ್ಚು ಪ್ರಯೋಗವೂ ನಡೆಯಿತು. ಮಾವ ತೋಟದಲ್ಲಿ ಮಳೆ ಅಳೆದು ಇಂಚು-ಸೆಂಟ್ (ಇಂಚಿನ ನೂರರಲ್ಲಿ ಒಂದು ಭಾಗ) ಲೆಕ್ಕ ಪುಸ್ತಕದಲ್ಲಿ ಬರೆಯುತ್ತಾರೆ. ಅದನ್ನೂ ಕ್ಯಾಕ್ಟೈಗೆ ತುಂಬಿ ಲಿಂಕ್ ಗ್ರಾಫಿನ ಪಕ್ಕ ಇಟ್ಟೆ. ನಮ್ಮ ಕಡೆ ಮೂರು ಇಂಚು ದಾಟಿದ ದಿನ ಗೋಣಿಕೊಪ್ಪ ಲೈನ್ ಒಮ್ಮೆಯಾದರೂ ಬೀಳುತ್ತದೆ. ಮಾವನಿಗೆ ಮಾತ್ರ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಒಟ್ಟು ಖರ್ಚು ಮೂರು ಸಾವಿರದ ಒಳಗೆ, ನಿದ್ದೆ ಬಿಟ್ಟ ಆರೇಳು ರಾತ್ರಿ ಬೇರೆ. ಅಂಥ ಸ್ಕ್ರಿಪ್ಟ್ ಐಟಂ ಎಲ್ಲಿದೆ ಅಂತ ಡೇಟಾ ಐಡಿ ಒಂದೊಂದಾಗಿ ತಡಕುವವರನ್ನು ಲಾಗಿನಲ್ಲೇ ಹಿಡಿದು ಹೊರಗಟ್ಟುವ ಚಿಕ್ಕ ಸ್ಕ್ರಿಪ್ಟೂ ಬರೆದಿದ್ದೇನೆ. ಅದು ಹೇಗೆ ಅಂತ ಇಲ್ಲಿ ಹೇಳಲ್ಲ. ಕೊಟೇಶನ್ ಕೊಟ್ಟವರ ಹುಡುಗನೇ ಮೊನ್ನೆ ಬಂದು ಕೇಳಿದ, ಅವನಿಗೂ ಕಾಫಿ ಕೊಟ್ಟು ಕಳಿಸಿದೆ.