ಸಮಾಜವಿರೋಧಿ ವ್ಯಕ್ತಿತ್ವ ದೋಷ: ಮನೆಯವರು ಮಾಡಬೇಕಾದುದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಮನೆಯೊಂದರಲ್ಲಿ ಮಗನು ಅಟ್ಟದ ಮೇಲಿನ ಅಡಿಕೆ ಚೀಲವನ್ನು ಕದ್ದು ಮಾರಿ, ಕೇಳಿದಾಗ ‘ಬೀಗ ಹಾಕದಿದ್ದುದು ನಿಮ್ಮ ತಪ್ಪು’ ಎಂದನೆಂದು ಇಟ್ಟುಕೊಳ್ಳೋಣ. ಇಂಥ ಒಂದು ಘಟನೆಯಿಂದಲೇ ಸಮಾಜವಿರೋಧಿ ವ್ಯಕ್ತಿತ್ವ ದೋಷವನ್ನು, ಎಂದರೆ ಇತರರ ಹಕ್ಕುಗಳನ್ನು ಲೆಕ್ಕಿಸದೆ ನಡೆಯುವ ದೀರ್ಘಕಾಲದ ಸ್ವಭಾವವನ್ನು, ನಿರ್ಣಯಿಸಲಾಗದು. ವಯಸ್ಸು 18 ತುಂಬಿರಬೇಕು, 15 ತುಂಬುವ ಮುನ್ನವೇ ದುರ್ನಡತೆಯ ಲಕ್ಷಣಗಳು ಕಾಣಿಸಿರಬೇಕು, ಸುಳ್ಳು, ವಂಚನೆ, ಹಿಂಸೆ, ಪಶ್ಚಾತ್ತಾಪದ ಕೊರತೆ ಮುಂತಾದವು ವರ್ಷಗಟ್ಟಲೆ ಮುಂದುವರಿದಿರಬೇಕು. ಜನರೊಡನೆ ಬೆರೆಯದ ಸಂಕೋಚ ಸ್ವಭಾವವು ಇದಲ್ಲ.

ಆದ್ದರಿಂದ ಮನೋವೈದ್ಯರನ್ನು ಕಾಣುವ ಮೊದಲು, ಶಾಲಾ ದಿನಗಳಿಂದ ನಡೆದುದನ್ನು ವಯಸ್ಸಿನ ಕ್ರಮದಲ್ಲಿ ಬರೆದುಕೊಳ್ಳಿ. ವೈದ್ಯರು ಮಲಯಾಳ ಮಾತ್ರ ಬಲ್ಲವರಾದರೆ ನಂಬಿಕೆಯ ದುಭಾಷಿಯೊಬ್ಬರು ಜೊತೆಗಿರಲಿ. ಆ ಕೆಲಸವನ್ನು ಮಗನಿಗೇ ಒಪ್ಪಿಸಿದರೆ ಅರ್ಧ ಸಂಗತಿ ದಾರಿಯಲ್ಲೇ ಉಳಿದೀತು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.

ಈ ದೋಷಕ್ಕೆಂದೇ ಅನುಮೋದಿತವಾದ ಮಾತ್ರೆಯಿಲ್ಲ. ಜೊತೆಗೂಡಿದ ಕುಡಿತ, ಖಿನ್ನತೆಗಳಿಗೆ ಚಿಕಿತ್ಸೆಯಿದೆ. ಅಲ್ಲಿಂದಲೇ ಆರಂಭಿಸುವುದು ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ತನ್ನಲ್ಲಿ ದೋಷವಿದೆಯೆಂದು ಒಪ್ಪದವನೂ ನಿದ್ದೆ ಬಾರದೆಂದು ಒಪ್ಪಿಯಾನು. ಆಲೋಚನೆ, ವರ್ತನೆಗಳನ್ನು ತಿದ್ದುವ ಮನೋಚಿಕಿತ್ಸೆ ಕೆಲವರಿಗೆ ನಿಧಾನವಾಗಿ ನೆರವಾಗುತ್ತದೆ. ಮನೆಯವರು ಅವನ ಸಾಲಕ್ಕೆ ಜಾಮೀನು ನಿಲ್ಲಬಾರದು. ತಂದೆ ನಿರಾಕರಿಸಿದ ಹಣವನ್ನು ತಾಯಿ ಗುಟ್ಟಾಗಿ ಕೊಡಬಾರದು. ಅವನು ಕೈಮಾಡಿದರೆ ಮಾತಿಗೆ ನಿಲ್ಲದೆ ಹೊರಗೆ ಬಂದು 112ಕ್ಕೆ ಕರೆಮಾಡಿ.